ಗೌನಿಪಲ್ಲಿಯನ್ನು ಕಂಡುಹಿಡಿದವರು

ತಲೆತಲಾಂತರದಿಂದ ಇದ್ದಲ್ಲಿಯೇ ಇದ್ದು, ಕಾಲಕಾಲಕ್ಕೆ ಕಂದಾಯ ಕಟ್ಟಿಕೊಂಡು, ಮಾವಿನ ಹೂವು ಕಟ್ಟುವ ಹೊತ್ತಿಗೆ ಮೋಡ ಕವಿಯಿತೆಂದು ದೇವರ ಮೇಲೆಯೂ, ಹಣ್ಣು ಬಲಿಯುವ ಹೊತ್ತಿಗೆ ಧಾರಣೆ ಇಳಿಯಿತೆಂದು ಮಂಡಿಯವರ ಮೇಲೆಯೂ ಗೊಣಗಿಕೊಂಡು, ಅರ್ಜಿಯನ್ನು ಕನ್ನಡದಲ್ಲಿ ಬರೆದು ಜಗಳವನ್ನು ತೆಲುಗಿನಲ್ಲಿ ಆಡಿಕೊಂಡು ಬಂದಿರುವ ಊರೊಂದನ್ನು ಯಾರಾದರೂ ಹೊಸದಾಗಿ ಕಂಡುಹಿಡಿಯಬಹುದೆಂಬ ಶಂಕೆ ನಮ್ಮ ಗೌನಿಪಲ್ಲಿಯವರಿಗೆ ಇತ್ತೀಚಿನವರೆಗೂ ಇರಲಿಲ್ಲ. ಈಗ ಅದೂ ಆಗಿಹೋಗಿದೆ. ಕಂಡುಹಿಡಿದ ಮಹನೀಯರು ಒಂದು ಶನಿವಾರ ಬೆಳಿಗ್ಗೆ ಬಸ್ಸಿನಿಂದ ಇಳಿದು, ಬಸ್‌ಸ್ಟ್ಯಾಂಡಿನ ಮಧ್ಯದಲ್ಲಿ ನಿಂತು, ನಾಲ್ಕು ದಿಕ್ಕಿಗೂ ದೃಷ್ಟಿ ಹಾಯಿಸಿ, ದೀರ್ಘವಾಗಿ ಉಸಿರೆಳೆದುಕೊಂಡು, "ಅಬ್ಬಾ! ಇದನ್ನು ಇನ್ನೂ ಯಾರೂ ನೋಡಿಯೇ ಇಲ್ಲ!" ಎಂದು ಉದ್ಗಾರ ತೆಗೆದಾಗ ಅವರನ್ನು ಸುಮಾರು ನಲವತ್ತು ಜನ ನೋಡುತ್ತಿದ್ದರು.

ಅವರ ನಾಮಧೇಯದಿಂದ ವಾಚಕರಿಗೆ ಪ್ರಯೋಜನವಿಲ್ಲ. ಬೆಂಗಳೂರಿನ ದಕ್ಷಿಣ ಭಾಗದ ಬಡಾವಣೆಗಳಲ್ಲಿ ಯಾವ ಮನೆಯ ಕರೆಗಂಟೆಯನ್ನು ಒತ್ತಿದರೂ ಇಂಥವರೊಬ್ಬರು ಬಂದು ಬಾಗಿಲು ತೆರೆಯುವ ಸಂಭವವಿರುವುದರಿಂದ, ಒಬ್ಬರ ಹೆಸರು ಹೇಳಿ ಉಳಿದವರ ಮನಸ್ಸನ್ನು ನೋಯಿಸುವುದು ಸಲ್ಲದು. ಅನ್ವೇಷಕರೆಂದು ಕರೆದರೆ ಎಲ್ಲರಿಗೂ ಒಪ್ಪಿಗೆಯಾದೀತು. ವಯಸ್ಸು ಐವತ್ತೈದರ ಆಚೆ ಈಚೆ. ಬ್ಯಾಂಕಿನಲ್ಲಿ ದೊಡ್ಡ ಅಧಿಕಾರದಲ್ಲಿದ್ದು, ಸಾಲ ಕೊಡುವುದಕ್ಕಿಂತ ಕೊಡದಿರುವುದರಲ್ಲಿ ಹೆಚ್ಚು ಖ್ಯಾತಿ ಗಳಿಸಿ, ಸ್ವಯಂನಿವೃತ್ತಿ ಪಡೆದವರು. ಅವರ ತಾತನವರು ನಮ್ಮ ಸೀಮೆಯವರೇ ಆಗಿದ್ದರೆಂದೂ, ಬರಗಾಲದಲ್ಲಿ ಬೆಂಗಳೂರು ಸೇರಿದರೆಂದೂ ಅವರೇ ಹೇಳುತ್ತಾರೆ. ಮೊಣಕಾಲಿನವರೆಗೆ ಇಳಿಬಿದ್ದ ಕೈಮಗ್ಗದ ಜುಬ್ಬ, ಹೆಗಲಿಗೆ ಚರ್ಮದ ಪಟ್ಟಿಯ ಚೀಲ, ಚೀಲದಲ್ಲಿ ತಾಮ್ರದ ಬಾಟಲಿ, ಕೈಕಾಗದದ ಟಿಪ್ಪಣಿ ಪುಸ್ತಕ. ಮೈಮೇಲಿನ ಒಂದೊಂದು ವಸ್ತುವಿಗೂ ಒಂದೊಂದು ವಂಶಾವಳಿಯುಂಟು. ನೂಲು ಎಲ್ಲಿಯದು, ಬಣ್ಣ ಯಾವ ತೊಗಟೆಯದು, ಹೊಲಿದವರ ತಂದೆ ಯಾರು ಎಂಬುದನ್ನು ನಾವು ಕೇಳದೆಯೇ ನಿವೇದಿಸುತ್ತಾರೆ. ಕೈಯಲ್ಲಿ ಹಿಡಿದ ಆ್ಯಪಲ್ ಫೋನಿನ ವಂಶಾವಳಿಯನ್ನು ಮಾತ್ರ ಅವರು ಎತ್ತುವುದಿಲ್ಲ. ಆ ವಿಷಯ ಮುಂದೆ ಬರಲಿದೆ.

ಗೌನಿಪಲ್ಲಿಗೆ ಬರುವ ಮುನ್ನ ಅವರು ಬೆಂಗಳೂರನ್ನು ಕಂಡುಹಿಡಿದು ಮುಗಿಸಿದ್ದರು. ಕೆಂಪೇಗೌಡನು 1537ರಲ್ಲಿ ಕೋಟೆ ಕಟ್ಟಿ ಪೇಟೆಗಳನ್ನು ನೆಲೆಗೊಳಿಸಿದ ಮೇಲೆ, ಆ ಪೇಟೆಗಳೊಳಗೆ ಇಷ್ಟು ಶ್ರದ್ಧೆಯಿಂದ ಸಂಚರಿಸಿದವರು ಅಂಚೆಯವರನ್ನು ಬಿಟ್ಟರೆ ಇವರೊಬ್ಬರೇ ಇರಬೇಕು. ಬಳೇಪೇಟೆಯ ಅಟ್ಟದ ಮೇಲೆ ತಂಬೂರಿಗೆ ತಂತಿ ಬಿಗಿಯುವವರು, ಕಬ್ಬನ್‌ಪೇಟೆಯ ಓಣಿಯಲ್ಲಿ ಉಳಿದುಕೊಂಡ ಮಗ್ಗದ ಸದ್ದು, ಗಾಣವಿಲ್ಲದ ಗಾಣಿಗರಪೇಟೆ, ಕುಂಬಾರರಿಲ್ಲದ ಕುಂಬಾರಪೇಟೆ, ಕರಗದ ರಾತ್ರಿಯೊಂದನ್ನು ಬಿಟ್ಟರೆ ಹೊರಗಿನವರು ಕಾಲಿಡದ ತಿಗಳರಪೇಟೆಯ ಸಂದುಗೊಂದು, ಇವೆಲ್ಲವನ್ನೂ ಮೊದಲು ತಾವೊಬ್ಬರೇ ನಡೆದು, ಬಳಿಕ ಭಾನುವಾರದ ಬೆಳಿಗ್ಗೆ ಹತ್ತಾರು ಜನರನ್ನು ಹಿಂದಿಟ್ಟುಕೊಂಡು ನಡೆದು, ಅದಕ್ಕೆ 'ಪಾರಂಪರಿಕ ನಡಿಗೆ' ಎಂದು ಹೆಸರಿಟ್ಟು, ತಲೆಗಿಷ್ಟೆಂದು ಕಾಣಿಕೆಯನ್ನೂ ಪಡೆದರು. ಆದರೆ ಅನ್ವೇಷಣೆಯ ದೌರ್ಭಾಗ್ಯವೆಂದರೆ ಅದು ಫಲಿಸುವುದು. ಯಾರೂ ನೋಡದ ಬೀದಿಯನ್ನು ಎಲ್ಲರಿಗೂ ತೋರಿಸಿದ ಮೇಲೆ ಅದು ಯಾರೂ ನೋಡದ ಬೀದಿಯಾಗಿ ಉಳಿಯುವುದಿಲ್ಲ. ತಾವು ಕಂಡುಹಿಡಿದ ಗಲ್ಲಿಯ ಕಾಫಿ ಅಂಗಡಿಯಲ್ಲಿ ತಮಗೇ ಬೆಂಚು ಸಿಗದ ಒಂದು ಬೆಳಿಗ್ಗೆ ಅವರು ಬೆಂಗಳೂರಿನ ಮೇಲೆ ವೈರಾಗ್ಯ ತಳೆದು ಪೂರ್ವಾಭಿಮುಖರಾದರು.

ಬೆಂಗಳೂರಿಗೂ ನಮ್ಮ ಕೋಲಾರ ಜಿಲ್ಲೆಗೂ ಇರುವ ಕೊಡುಕೊಳೆಯ ಸಂಬಂಧ ಬಹಳ ಹಳೆಯದು. ನಮ್ಮ ಚಿನ್ನದ ಗಣಿಗೆ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಹರಿದು ಬಂದಾಗ ಆ ಮಹಾನಗರವು ಇನ್ನೂ ಎಣ್ಣೆಯ ದೀಪದಲ್ಲಿತ್ತು. ಅದರ ಬೀದಿಗಳು ಬೆಳಗಿದ್ದು 1905ರಲ್ಲಿ. ಆ ಮತ್ಸರದಿಂದಲೋ ಏನೋ, ಅಂದಿನಿಂದ ಅದು ನಮ್ಮಿಂದ ಕೊಳ್ಳುತ್ತಲೇ ಬಂದಿದೆ. ಹಾಲು, ಟೊಮೆಟೊ, ಮಾಲೂರಿನ ಹೆಂಚು, ಶ್ರೀನಿವಾಸಪುರದ ಮಾವು ಇವನ್ನೂ, ಮುಳಬಾಗಿಲಿನಿಂದ ಡಿ.ವಿ.ಜಿ.ಯವರನ್ನೂ, ಮಾಲೂರು ಸೀಮೆಯಿಂದ ಮಾಸ್ತಿಯವರನ್ನೂ ಕೊಂಡುಕೊಂಡಿತು. ಗಣಿಯಂತೂ 2001ರಲ್ಲಿ ಮುಚ್ಚಿಹೋಯಿತು. ಇದಕ್ಕೆ ಪ್ರತಿಯಾಗಿ ಬೆಂಗಳೂರು ನಮಗೆ ಎರಡು ವಸ್ತುಗಳನ್ನು ಕಳುಹಿಸುತ್ತಿದೆ: 2018ರಿಂದ ಕೆ.ಸಿ. ವ್ಯಾಲಿಯ ಕೊಳವೆಗಳ ಮೂಲಕ ಸಂಸ್ಕರಿಸಿದ ಕೊಳಚೆನೀರನ್ನು ಜಿಲ್ಲೆಯ ಕೆರೆಗಳಿಗೂ, ಶನಿವಾರದ ಬಸ್ಸಿನ ಮೂಲಕ ಅನ್ವೇಷಕರನ್ನು ಊರುಗಳಿಗೂ. ಎರಡನ್ನೂ ನಾವು ಕೃತಜ್ಞತೆಯಿಂದಲೇ ಸ್ವೀಕರಿಸಿದ್ದೇವೆ; ಎರಡನ್ನೂ ಇನ್ನೊಮ್ಮೆ ಸೋಸಬೇಕೆಂಬ ಅಭಿಪ್ರಾಯವೂ ಕೆಲವರಲ್ಲಿದೆ.

ಜಿಲ್ಲೆಗೆ ಬಂದವರು ಮೊದಲು ನೋಡತಕ್ಕವನ್ನು ನೋಡಿಯಾರೆಂದು ನಾನು ಊಹಿಸಿದ್ದೆ. ಕೋಲಾರಮ್ಮನ ಗುಡಿಗೆ ಹೋಗಿ ಚೋಳರ ಶಾಸನಗಳನ್ನೂ, ಚೇಳಮ್ಮನ ಹುಂಡಿಯನ್ನೂ ನೋಡಿಬನ್ನಿರೆಂದೆ. "ಅದು ಎಲ್ಲರಿಗೂ ಗೊತ್ತು, ಮೇಷ್ಟ್ರೇ" ಎಂದರು. ಸೋಮೇಶ್ವರನ ಕಲ್ಯಾಣಮಂಟಪ? ಎಲ್ಲರಿಗೂ ಗೊತ್ತು. ಬಸವನ ಬಾಯಿಂದ ನೀರು ಸುರಿಯುವ ಅಂತರಗಂಗೆ, ಆಳೆತ್ತರವನ್ನು ಮೀರಿದ ಕುರುಡುಮಲೆಯ ಗಣಪತಿ, ಸೀತಾದೇವಿಯು ಲವಕುಶರನ್ನು ಹೆತ್ತಳೆಂದು ಜನ ನಂಬಿರುವ ಆವಣಿಯ ಬೆಟ್ಟ, ಕೊನೆಗೆ ಮುಳಬಾಗಿಲಿನ ದೋಸೆ, ಎಲ್ಲವೂ ಆ ಒಂದೇ ಅಪರಾಧಕ್ಕಾಗಿ ತಿರಸ್ಕೃತವಾದುವು. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಮನೆಮನೆಯಲ್ಲೂ ಉಳಿಯ ಸದ್ದು, ಅಲ್ಲಿಯ ಶಿಲ್ಪಿಗಳು ಕಡೆದ ವಿಗ್ರಹಗಳು ದೂರದೂರದ ಗುಡಿಗಳಲ್ಲಿ ಪೂಜೆಗೊಳ್ಳುತ್ತಿವೆ ಎಂದು ಕೊನೆಯ ಪ್ರಯತ್ನ ಮಾಡಿದೆ. ಒಂದು ಕ್ಷಣ ಅವರ ಕಣ್ಣು ಅರಳಿದ್ದು ನಿಜ. ಆದರೆ, "ಪತ್ರಿಕೆಯಲ್ಲಿ ಬಂದಿದೆಯೋ?" ಎಂದು ಕೇಳಿದರು. ಬಂದಿದೆಯೆಂದೆ. ಕಣ್ಣು ಮುಚ್ಚಿಕೊಂಡಿತು. ಚನ್ನಪಟ್ಟಣದ ಗೊಂಬೆ, ಬೀದರಿನ ಬಿದರಿ, ಇಳಕಲ್ಲಿನ ಸೀರೆಗಳಿಗೆ ಸರ್ಕಾರವು ಭೌಗೋಳಿಕ ಸೂಚಿಕೆಯ ಮುದ್ರೆಯೊತ್ತಿದ ದಿನವೇ ಅವು ತಮ್ಮ ಪಾಲಿಗೆ ಸತ್ತವೆಂಬುದನ್ನು ಅವರು ದುಃಖದಿಂದಲೇ ಹೇಳಿಕೊಂಡರು. ಒಟ್ಟಿನಲ್ಲಿ ಅವರಿಗೆ ಬೇಕಾದದ್ದು, ಇನ್ನೇನು ಅಳಿದುಹೋಗುವುದರಲ್ಲಿದ್ದು, ಅಳಿಯುವುದಕ್ಕೆ ಮುಂಚೆ ಅವರ ಆಗಮನಕ್ಕಾಗಿ ಕಾದು ಕುಳಿತಿರುವ ಯಾವುದಾದರೊಂದು ಕಸುಬು.

ಅದು ಸಿಕ್ಕಿದ್ದು ಊರ ಹೊರಗಿನ ಬೇವಿನಮರದ ನೆರಳಿನಲ್ಲಿ ಬಿದಿರು ಸೀಳುತ್ತ ಕೂತಿದ್ದ ಅವ್ವನ ಬಳಿಯಲ್ಲಿ. ಗಂಪ, ಮಂಕರಿ, ಮೊರ, ರೇಷ್ಮೆಯ ಚಂದ್ರಿಕೆ ಇವನ್ನು ಹೆಣೆಯುವುದರಲ್ಲಿ ಆಕೆಯ ಕೈ ಪಳಗಿದ್ದೆಂದು ನಮಗೆಲ್ಲ ಗೊತ್ತು. ಗೊತ್ತಿದ್ದರೂ ಟೊಮೆಟೊ ತುಂಬಲು ನಾವೆಲ್ಲ ಪ್ಲಾಸ್ಟಿಕ್ ಕ್ರೇಟಿಗೆ ಹೋದೆವೆಂಬುದನ್ನೂ, ರೇಷ್ಮೆ ಸಾಕುವವರು ಬಿದಿರಿನ ಚಂದ್ರಿಕೆಯನ್ನು ಬಿಟ್ಟು ಮಡಿಸಿಡಲು ಬರುವ ಪ್ಲಾಸ್ಟಿಕ್ ನೇತ್ರಿಕೆಗೆ ಹೋದರೆಂಬುದನ್ನೂ ಇಲ್ಲಿ ಮರೆಮಾಚುವುದಿಲ್ಲ. ಅನ್ವೇಷಕರು ಆಕೆಯ ಮುಂದೆ ನೆಲದ ಮೇಲೆಯೇ ಪದ್ಮಾಸನ ಹಾಕಿ ಕುಳಿತು, ಕೈಮುಗಿದು, ವಿಚಾರಣೆಯನ್ನು ಆರಂಭಿಸಿದರು.

"ಅಮ್ಮಾ, ಈ ವಿದ್ಯೆ ನಿಮಗೆ ಎಷ್ಟು ತಲೆಮಾರಿನಿಂದ ಬಂದದ್ದು?"

"ನಮ್ಮವ್ವ ಮಾಡ್ತಿದ್ಲು ಸಾಮಿ. ಅದಕ್ಕಿಂತ ಹಿಂದಿನ್ದು ನಂಗೇನ್ ಗೊತ್ತು? ಗಂಪ ಬೇಕಾ?"

"ಇದನ್ನು ಹೆಣೆಯುವಾಗ ನಿಮ್ಮ ಮನಸ್ಸಿನಲ್ಲಿ ಏನು ಮೂಡುತ್ತದೆ?"

ಅವ್ವ ಬಹಳ ಹೊತ್ತು ಯೋಚಿಸಿ, "ಸೊಂಟ ನೋಯ್ತದೆ" ಎಂದಳು.

ಅವರು ಅದನ್ನು ಬರೆದುಕೊಂಡರು. ಬಳಿಕ ಫೋನನ್ನು ಎತ್ತಿ ಚಿತ್ರ ತೆಗೆಯಲು ಉಪಕ್ರಮಿಸಿದವರು, ಅವ್ವನ ಬೆನ್ನ ಹಿಂದೆ ಕೆಂಪು ಪ್ಲಾಸ್ಟಿಕ್ ಕುರ್ಚಿಯೊಂದು ಕಾಣಿಸಿದ್ದರಿಂದ ಮುಖ ಕಿವುಚಿ, ಅದನ್ನು ಒಳಗಿಡಬಹುದೇ ಎಂದು ವಿನಯದಿಂದ ಕೇಳಿಕೊಂಡರು. ಕುರ್ಚಿ ಒಳಗೆ ಹೋಯಿತು. ನೀರಿನ ನೀಲಿ ಡ್ರಮ್ಮಿಗೆ ಗೋಣಿಚೀಲ ಹೊದಿಸಲಾಯಿತು. ಅವ್ವನ ಸೊಂಟಕ್ಕೆ ಒಂದಿಷ್ಟು ಆರಾಮವಿದ್ದರೆ ಅದು ಆ ಕುರ್ಚಿಯಿಂದಲೇ ಎಂಬುದನ್ನು ಯಾರೂ ಹೇಳಲಿಲ್ಲ. ಆಮೇಲೆ ಆತಂಕದ ಧ್ವನಿಯಲ್ಲಿ, ಈ ಕಲೆಯನ್ನು ಮುಂದೆ ಉಳಿಸಿಕೊಳ್ಳುವವರು ಮನೆಯಲ್ಲಿ ಯಾರಿದ್ದಾರೆಂದು ವಿಚಾರಿಸಿದರು.

"ಯಾರೂ ಇಲ್ಲ ಸಾಮಿ. ಮೊಮ್ಮಗಳು ಅವ್ಳೆ, ನರಸಾಪುರದಾಗೆ ಫೋನ್ ಮಾಡ್ತಾಳೆ."

"ಯಾರಿಗೆ?"

"ಯಾರಿಗಾದ್ರೂ ಮಾಡ್ತಾಳೆ. ದುಡ್ಡಿರೋರಿಗೆ. ದಿನಕ್ಕೆ ಎಷ್ಟೋ ಮಾಡ್ತಾಳಂತೆ."

"ಅಯ್ಯೋ! ಇಡೀ ದಿನ ಫೋನಿನಲ್ಲೇ! ನೋಡಿದಿರಾ ಮೇಷ್ಟ್ರೇ, ಯುವಜನತೆಯ ಅವಸ್ಥೆ!"

ಅವ್ವ ಅವರ ಕೈಯನ್ನು ನೋಡಿ, "ಇಂಥದ್ದೇ ಸಾಮಿ. ನಿಮ್ಮ ಕೈಯಾಗಿರೋದೂ ಅವ್ಳೇ ಮಾಡಿದ್ದೇನೋ, ಯಾರಿಗೆ ಗೊತ್ತು" ಎಂದಳು.

ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ಆ ಫೋನುಗಳನ್ನು ಜೋಡಿಸುವ ಮಹಾ ಕಾರ್ಖಾನೆಯೊಂದಿದೆ. 2023ರಲ್ಲಿ ಅದನ್ನು ಟಾಟಾದವರು ಕೊಂಡರು. ಸುತ್ತಲಿನ ತಾಲ್ಲೂಕುಗಳಿಂದ ಅಲ್ಲಿಗೆ ಕೆಲಸಕ್ಕೆ ಹೋಗುವವರಲ್ಲಿ ಹೆಣ್ಣುಮಕ್ಕಳೇ ಬಹುಮಂದಿ; ಕೂದಲೆಳೆಗಿಂತ ಸೂಕ್ಷ್ಮವಾದುದನ್ನು ನಡುಗದ ಬೆರಳಿನಿಂದ ಕೂರಿಸತಕ್ಕ ಕೆಲಸಕ್ಕೆ, ಅಜ್ಜಿ ಬಿದಿರು ಸೀಳಿದ ಮನೆಯಲ್ಲಿ ಬೆಳೆದ ಬೆರಳು ಅನರ್ಹವೆಂದು ಯಾರೂ ಹೇಳಲಾರರು. ಸ್ಥಳೀಯರ ಕೈಯಿಂದ ಸ್ಥಳದಲ್ಲಿಯೇ ತಯಾರಾದ ವಸ್ತುವನ್ನು ಹುಡುಕಿಕೊಂಡು ನೂರಾರು ಮೈಲಿ ಅಲೆದ ಮಹನೀಯರ ಅಂಗೈಯಲ್ಲಿಯೇ ಅಂಥದೊಂದು ವಸ್ತು ವಿರಾಜಮಾನವಾಗಿತ್ತು. ಅವರು ಅದನ್ನು ಜೇಬಿಗಿಳಿಸಿ, ಚಂದ್ರಿಕೆಯ, ಗಂಪದ ಬೆಲೆ ಕೇಳಿದರು.

ಬೆಲೆಯ ವಿಷಯದಲ್ಲಿ ಅವರ ನಡವಳಿಕೆ ನಮ್ಮ ಸಂತೆಯ ಧರ್ಮಕ್ಕೆ ಸಂಪೂರ್ಣ ವಿರುದ್ಧವಾದುದು. ಅವ್ವ ಗಂಪಕ್ಕೆ ನೂರೈವತ್ತು ಎಂದರೆ, ಕೊಳ್ಳುವವನು ಎಂಬತ್ತು ಎನ್ನಬೇಕು, ಅವ್ವ ಅವನ ಹಿರಿಯರನ್ನು ನೆನೆಯಬೇಕು, ಅವನು ನಾಲ್ಕು ಹೆಜ್ಜೆ ಹೋಗಿ ತಿರುಗಿ ಬರಬೇಕು, ನೂರಹತ್ತಕ್ಕೆ ವ್ಯಾಪಾರ ಕುದುರಬೇಕು. ಈ ಕ್ರಮದಲ್ಲಿ ಇಬ್ಬರ ಮರ್ಯಾದೆಯೂ ಉಳಿಯುತ್ತದೆ. ಅನ್ವೇಷಕರು ಮಾತಿಲ್ಲದೆ ಐನೂರರ ನೋಟನ್ನು ಆಕೆಯ ಕೈಯಲ್ಲಿಟ್ಟು, "ನಿಮ್ಮ ಶ್ರಮಕ್ಕೆ ಇದೂ ಕಡಿಮೆಯೇ" ಎಂದರು. ಅವ್ವ ನೋಟನ್ನು ಬಿಸಿಲಿಗೆ ಹಿಡಿದು ಎರಡು ಮಗ್ಗುಲೂ ಪರೀಕ್ಷಿಸಿದಳು. ಅಸಲಿಯೆಂದು ನಿರ್ಧಾರವಾದ ಮೇಲೆ, ಮುಂದಿನ ಸಂತೆಯಲ್ಲಿ ಗಂಪದ ಬೆಲೆ ಐನೂರೆಂದು ಸಾರಿಬಿಟ್ಟಳು. ಆ ಸಂತೆಯಲ್ಲಿ ಆಕೆಯ ಒಂದು ಗಂಪವೂ ಹೋಗಲಿಲ್ಲ. ಪ್ಲಾಸ್ಟಿಕ್ ಬುಟ್ಟಿಯವನಿಗೆ ಮಾತ್ರ ಹಬ್ಬವಾಯಿತು.

ಅದೇ ದಿನ ಮಧ್ಯಾಹ್ನ ಅವರ ಚೀಲದ ಪಟ್ಟಿ ಕಿತ್ತುಹೋಯಿತು. ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಕೊಡೆ ಬಿಡಿಸಿಕೊಂಡು ಕುಳಿತಿರುವ ಮೋಚಿ ಅದನ್ನು ಬಿಚ್ಚಿ, ಹಳೆಯ ದಾರವನ್ನು ಕಿತ್ತೆಸೆದು, ಮೇಣ ತಿಕ್ಕಿದ ದಾರದಿಂದ ಎರಡು ಸುತ್ತು ಹೊಲಿದು, ಒಮ್ಮೆ ಜಗ್ಗಿ ನೋಡಿ ಕೊಟ್ಟನು. ಮೂವತ್ತು ರೂಪಾಯಿ ಎಂದನು. ನಮ್ಮ ಮಹನೀಯರು ಹುಬ್ಬೇರಿಸಿ, "ಏನಪ್ಪಾ, ಎರಡು ಹೊಲಿಗೆಗೆ ಮೂವತ್ತೇ? ಇಪ್ಪತ್ತು ತಗೋ" ಎಂದರು. ಅವ್ವನಿಗೆ 'ನೀವು' ಎಂದ ನಾಲಿಗೆಯೇ ಇದು. ಅವ್ವನಿಂದ ಮೋಚಿಯವರೆಗಿನ ದಾರಿ ಅರ್ಧ ಫರ್ಲಾಂಗು. ಆ ಪಟ್ಟಿ ಇಂದಿಗೂ ಬಿಟ್ಟಿಲ್ಲವೆಂದು ಕೇಳಿದ್ದೇನೆ. ಮೋಚಿಯ ಚಿತ್ರ ಮಾತ್ರ ಅವರ ಫೋನಿನಲ್ಲಿಲ್ಲ, ಟಿಪ್ಪಣಿ ಪುಸ್ತಕದಲ್ಲಿಯೂ ಇಲ್ಲ.

ಇಲ್ಲಿಗೆ ಅನ್ವೇಷಕರ ಒಳಗುಟ್ಟು ನನಗೆ ತಿಳಿಯಿತೆನ್ನಬಹುದು. ತಯಾರಕನೆಂದು ಅವರು ಅಂಗೀಕರಿಸುವುದು, ಯಾರ ತಯಾರಿಕೆಯಿಂದ ಇನ್ನು ಯಾರಿಗೂ ಉಪಯೋಗವಿಲ್ಲವೋ ಅವರನ್ನು ಮಾತ್ರ. ವಸ್ತು ಬಳಕೆಯಲ್ಲಿದ್ದರೆ ಅದು ಸಾಮಾನು. ಬಳಕೆ ತಪ್ಪಿದ ಮೇಲೆ ಕಲೆ. ನಮ್ಮೂರಿನ ವೆಲ್ಡಿಂಗ್ ಅಂಗಡಿಯವನ ಪಾಡೂ ಇದೇ. ಮಾವನ್ನು ಕೀಳುವಾಗ ತೊಟ್ಟು ಬುಡಕ್ಕೆ ಮುರಿದರೆ ಸೊನೆ ಚಿಮ್ಮಿ ಕಾಯಿಯ ಮೈಮೇಲೆ ಹರಿದು ಕಪ್ಪು ಕಲೆಯಾಗುತ್ತದೆ; ಬಾದಾಮಿಯಾಗಲಿ ಮಲಗೋವವಾಗಲಿ, ಕಲೆ ಬಿದ್ದ ಕಾಯಿಗೆ ಮಂಡಿಯಲ್ಲಿ ಮರ್ಯಾದೆಯಿಲ್ಲ. ಗಡಿಯಾಚೆ ಚಿತ್ತೂರಿನ ತಿರುಳಿನ ಕಾರ್ಖಾನೆಗೆ ಹೋಗುವ ತೋತಾಪುರಿಗೆ ಈ ಚಿಂತೆ ಅಷ್ಟಿಲ್ಲ. ತಿನ್ನುವ ಹಣ್ಣಿಗೆ ಉಂಟು. ಈ ಹುಡುಗನು ಹಗುರವಾದ ಅಲ್ಯೂಮಿನಿಯಂ ಗಳುವಿಗೆ ಬಲೆ ಕಟ್ಟಿ, ಬಾಯಿಗೆ ಹರಿತವಾದ ಅಲಗು ಕೂರಿಸಿ, ಕೆಳಗಿನಿಂದ ಹಗ್ಗ ಜಗ್ಗಿದರೆ ಕಾಯಿ ಬೆರಳುದ್ದ ತೊಟ್ಟಿನ ಸಮೇತ ಬಲೆಗೆ ಬೀಳುವಂಥ ದೋಟಿಯೊಂದನ್ನು ಮಾಡಿದ್ದಾನೆ. ಸುತ್ತಿನ ತೋಪುಗಳವರು ವೈಶಾಖಕ್ಕೆ ಮೊದಲೇ ಬಂದು ಮುಂಗಡ ಕೊಟ್ಟು ಹೋಗುತ್ತಾರೆ. ಅನ್ವೇಷಕರು ಆ ಅಂಗಡಿಯ ಮುಂದೆ ಒಮ್ಮೆ ನಿಂತದ್ದುಂಟು. ಎದುರು ಸಾಲಿನ ಕುಂಬಾರರ ತಿಗುರಿಯ ಶಬ್ದವನ್ನು ಫೋನಿನಲ್ಲಿ ಹಿಡಿಯುತ್ತಿದ್ದರಂತೆ. ಸ್ವಲ್ಪ ಹೊತ್ತು ವೆಲ್ಡಿಂಗ್ ಯಂತ್ರವನ್ನು ನಿಲ್ಲಿಸಬಹುದೇ ಎಂದು ಕೇಳಲು ನಿಂತರು.

ಕುಂಬಾರರ ಪ್ರಕರಣ ಇನ್ನೂ ಸ್ವಾರಸ್ಯವಾದುದು. ಕೇಂದ್ರ ಸರ್ಕಾರವು 2023ನೆಯ ಇಸವಿ ಸೆಪ್ಟೆಂಬರ್ 17ರಂದು ವಿಶ್ವಕರ್ಮ ಯೋಜನೆಯನ್ನು ಆರಂಭಿಸಿ, ಹದಿನೆಂಟು ಕಸುಬುಗಳ ಪಟ್ಟಿ ಮಾಡಿ, ತರಬೇತಿ ಪಡೆದವರಿಗೆ ಸಲಕರಣೆ ಕೊಳ್ಳಲು 15,000 ರೂಪಾಯಿಯ ನೆರವನ್ನೂ, ಮೊದಲು ಒಂದು ಲಕ್ಷ, ಅದು ತೀರಿದ ಮೇಲೆ ಎರಡು ಲಕ್ಷದ ಸಾಲವನ್ನು ಶೇಕಡಾ 5ರ ಬಡ್ಡಿಯಲ್ಲಿಯೂ ಕೊಡುವುದಾಗಿ ಸಾರಿತು. ಸರ್ಕಾರಕ್ಕೆ ಕಣ್ಣಿಲ್ಲವೆಂದು ಬೈಯುವುದು ನಮ್ಮ ನಿತ್ಯಕರ್ಮಗಳಲ್ಲಿ ಒಂದಾದರೂ ಈ ಪಟ್ಟಿಯನ್ನು ಓದಿದಾಗ ಅದರ ದೃಷ್ಟಿ ಅನ್ವೇಷಕರದಕ್ಕಿಂತ ವಿಶಾಲವೆಂದು ಒಪ್ಪಬೇಕಾಯಿತು. ಕುಂಬಾರ, ಬಡಗಿ, ಕಮ್ಮಾರ, ಶಿಲ್ಪಿ, ಬುಟ್ಟಿ ಹೆಣೆಯುವವರು ಸರಿಯೇ. ಅವರ ಜೊತೆಗೆ ದರ್ಜಿ, ಕ್ಷೌರಿಕ, ಅಗಸ, ಹೂವು ಕಟ್ಟುವವರು, ನಮ್ಮ ಬಸ್‌ಸ್ಟ್ಯಾಂಡಿನ ಮೋಚಿಯೂ ಅದರಲ್ಲಿದ್ದರು. ಕುಂಬಾರನು ಅರ್ಜಿಯ ವಿಚಾರವನ್ನು ಕೇಳಿಕೊಂಡು ಅನ್ವೇಷಕರ ಬಳಿಗೆ ಹೋದುದು ಸಹಜವೇ ಆಗಿತ್ತು. ಓದಿದವರು, ಬ್ಯಾಂಕಿನಲ್ಲಿದ್ದವರು, ತನ್ನ ಮೇಲೆ ಪ್ರೀತಿಯುಳ್ಳವರು.

"ಸಾರ್, ಕರೆಂಟ್ ತಿಗುರಿ ತಗೋಬೇಕಂತಿದೀನಿ. ಈ ಕಾಗದ ಒಸಿ ಬರ್ಕೊಡಿ."

ಅನ್ವೇಷಕರ ಮುಖ ಬಿಳಿಚಿಕೊಂಡಿತಂತೆ. ಕೋಲು ಹಾಕಿ ತಿರುಗಿಸುವ ಕಲ್ಲಿನ ತಿಗುರಿಯಲ್ಲಿ ಸಹಸ್ರಾರು ವರ್ಷಗಳ ಲಯವಿದೆಯೆಂದೂ, ವಿದ್ಯುತ್ತಿನ ಚಕ್ರದಲ್ಲಿ ಮಣ್ಣಿಗೂ ಮನುಷ್ಯನಿಗೂ ನಡುವಣ ಸಂವಾದವು ಕಡಿದುಹೋಗುವುದೆಂದೂ, ಹಣತೆಯಲ್ಲಿ ಆತ್ಮವೇ ಇರುವುದಿಲ್ಲವೆಂದೂ ಅವರು ಬಹಳ ಹೊತ್ತು ಉಪದೇಶಿಸಿದರು. ಕುಂಬಾರನು ಕೈಕಟ್ಟಿಕೊಂಡು ಎಲ್ಲವನ್ನೂ ಕೇಳಿ, ಬಲಗೈಯ ರಟ್ಟೆಯನ್ನು ಉಜ್ಜಿಕೊಳ್ಳುತ್ತ, "ಅದು ಸರಿ ಸಾರ್. ಈಗ ಭುಜ ಏಳ್ತಿಲ್ವಲ್ಲ" ಎಂದನು. ಅರ್ಜಿಯನ್ನು ಕೊನೆಗೆ ತುಂಬಿಸಿಕೊಟ್ಟವನು ಪೇಟೆಯ ದರ್ಜಿ. ತನ್ನದನ್ನೂ ತುಂಬಿಕೊಂಡು, ಮೋಚಿಯದನ್ನೂ ಸೇರಿಸಿಕೊಂಡು, ಮೂವರೂ ಒಟ್ಟಿಗೆ ಸೇವಾಕೇಂದ್ರದ ಮುಂದೆ ಸಾಲಿನಲ್ಲಿ ನಿಂತಿದ್ದನ್ನು ನಾನು ಕಂಡೆ. ಈಗ ಕುಂಬಾರನ ಮನೆಯ ಹಿಂದೆ ವಿದ್ಯುತ್ ತಿಗುರಿ ತಿರುಗುತ್ತಿದೆ. ಮುಂದೆ ಹಳೆಯ ಕಲ್ಲಿನ ತಿಗುರಿಯಿದೆ. ಶನಿವಾರದ ಬಸ್ಸಿನ ಹಾರನ್ನು ಕೇಳಿಸಿದೊಡನೆ ಅವನು ಹಿತ್ತಿಲಿನಿಂದ ಅಂಗಳಕ್ಕೆ ಬರುತ್ತಾನೆ.

ಕರಕುಶಲದವರನ್ನು ಹುಡುಕಿಕೊಂಡು ಊರೂರು ತಿರುಗುವುದೇ ಹಾಸ್ಯಾಸ್ಪದವೆಂದು ನಾನು ಹೇಳುತ್ತಿಲ್ಲ. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು, 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಲಿಯ ಅಧ್ಯಕ್ಷರಾಗಿ, ಇಡೀ ದೇಶವನ್ನೇ ಹಾಗೆ ತಿರುಗಿದವರು. ಆದರೆ ಅವರು ಕುಶಲಕರ್ಮಿಗಳ ಸಹಕಾರ ಸಂಘ, ಕಚ್ಚಾ ಸಾಮಗ್ರಿ, ಮಾರುಕಟ್ಟೆ ಎಂಬ ನೀರಸ ವಿಷಯಗಳಲ್ಲಿ ತಮ್ಮ ಆಯುಷ್ಯವನ್ನು ಕಳೆದರು. ಆ ಮಾತುಗಳನ್ನು ನಮ್ಮ ಅನ್ವೇಷಕರ ಮುಂದೆ ಎತ್ತಿದರೆ ಅವರಿಗೆ ಆಕಳಿಕೆ ಬರುತ್ತದೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಅದನ್ನೇ ಕೇಳಿ ಬೇಸತ್ತವರೆಂದು ನಾವು ಸಹಾನುಭೂತಿ ತೋರಬೇಕು.

ಬೆಂಗಳೂರಿನ ಅವರ ಮನೆಗೆ ಹೋಗುವ ಅವಕಾಶವೂ ನನಗೆ ಒದಗಿತ್ತು. ನಡುಮನೆಯ ಗೋಡೆಯನ್ನು ಪೂರ್ತಿಯಾಗಿ ಆವರಿಸಿಕೊಂಡು, ಮೇಲಿನಿಂದ ಸಣ್ಣ ದೀಪದ ಬೆಳಕು ಬೀಳುವಂತೆ, ನಮ್ಮ ಅವ್ವನ ಚಂದ್ರಿಕೆ ನಿಂತಿದೆ: ಆಳುದ್ದದ ಬಿದಿರು ತಟ್ಟಿಯ ಮೇಲೆ ಸುರುಳಿಸುರುಳಿಯಾಗಿ ಬಿದಿರುಪಟ್ಟಿಯನ್ನು ನಿಲ್ಲಿಸಿ ಹೆಣೆದದ್ದು. ಹಣ್ಣಾದ ಹುಳುಗಳು ಆ ಸುರುಳಿಗಳ ನಡುವೆ ಸೇರಿಕೊಂಡು ಗೂಡು ಕಟ್ಟಲೆಂದು ಮಾಡಿದ ಸಾಧನವದು. ನೋಡಲು ಬರುವ ಮಿತ್ರರಲ್ಲಿ ಒಬ್ಬರು ಅದನ್ನು ಕಾಲಚಕ್ರವೆಂದರಂತೆ, ಇನ್ನೊಬ್ಬರಿಗೆ ಅದರಲ್ಲಿ ಬ್ರಹ್ಮಾಂಡ ಕಂಡಿತಂತೆ. ಅವರ ಬೀಗರ ಕಡೆಯ ಹಿರಿಯರೊಬ್ಬರು ಶಿಡ್ಲಘಟ್ಟದವರು, ರೇಷ್ಮೆಯಲ್ಲಿಯೇ ತಲೆ ನರೆತವರು, ಮದುವೆಯ ಮಾತುಕತೆಗೆ ಬಂದು ಕುಳಿತವರು ಗೋಡೆಯನ್ನು ಸಾವಧಾನವಾಗಿ ನೋಡಿ, "ಹುಳು ಯಾವಾಗ ಬಿಡ್ತೀರಿ?" ಎಂದು ಕೇಳಿದರಂತೆ. ಇದನ್ನು ನನಗೆ ಹೇಳಿದವರು ಮನೆಯ ಯಜಮಾನಿತಿ.

ಆ ತಾಯಿಯ ಮಾತು ಕೇಳುವಂತಿರುತ್ತದೆ. "ಮೊರ ಏಳು ಇದಾವೆ ನೋಡಿ, ಮೇಷ್ಟ್ರೇ, ಎಲ್ಲಾ ಗೋಡೆ ಮೇಲೆ. ಮುಟ್ಟೋ ಹಾಗಿಲ್ಲ. ಅಕ್ಕಿ ಕೇರೋಕೆ ನಾನು ಪ್ಲಾಸ್ಟಿಕ್ ಮೊರ ತಂದ್ಕೊಂಡಿದೀನಿ" ಎಂದು ಅಡಿಗೆಮನೆಯಿಂದ ಅದನ್ನು ತಂದು ತೋರಿಸಿದರು. ಕೋಲಾರದ ಕುರುಬರ ಕೈಯಲ್ಲಿ ನೇಯ್ದ, ನೂಲಿಗೆ ಹುಣಸೆಬೀಜದ ಗಂಜಿ ಹಾಕಿ ಗಟ್ಟಿಮಾಡಿದ ಕಂಬಳಿಯೊಂದು ಸೋಫಾದ ಬೆನ್ನಿಗೆ ಒರಗಿತ್ತು. ಅದರ ಅಂಚನ್ನು ನುಸಿ ತಿಂದಿತ್ತು. ಹೊದ್ದು ಕೊಡವುವ ಮನೆಯಲ್ಲಿ ಕಂಬಳಿಗೆ ನುಸಿ ಹತ್ತುವುದಿಲ್ಲ. ಈ ಸಂಭಾಷಣೆಯ ನಡುವೆಯೇ ಬೀದಿಯಲ್ಲಿ ಸೊಪ್ಪಿನ ಹೆಂಗಸು ಕೂಗಿದಳು. ಯಜಮಾನಿತಿ ಎದ್ದು ಹೋಗಿ, ದಂಟಿನ ಸೊಪ್ಪಿನ ಕಟ್ಟಿಗೆ ಎರಡು ರೂಪಾಯಿ ಚೌಕಾಸಿ ಮಾಡಿ ಗೆದ್ದು, ಗೆದ್ದುದಕ್ಕೆ ಪ್ರತಿಯಾಗಿ ಒಂದು ಲೋಟ ಕಾಫಿಯನ್ನೂ, ಆಕೆಯ ಮಗಳ ಶಾಲೆಯ ಸೇರ್ಪಡೆಗೆ ಒಂದು ಶಿಫಾರಸು ಚೀಟಿಯನ್ನೂ ಕೊಟ್ಟು ಕಳುಹಿಸಿದರು. ಹನ್ನೆರಡು ವರ್ಷದಿಂದ ಈ ವ್ಯಾಪಾರ ನಡೆದಿದೆಯಂತೆ. ಇದಕ್ಕೆ ಅವರು ಯಾವ ಹೆಸರನ್ನೂ ಇಟ್ಟಿಲ್ಲ.

ನ್ಯಾಯವಾಗಿ ಹೇಳಬೇಕಾದರೆ ಅನ್ವೇಷಕರಿಂದ ನಮ್ಮೂರಿಗೆ ಕೆಡುಕೇನೂ ಆಗಲಿಲ್ಲ. ಮೊದಲ ಸಂತೆಯ ಅನುಭವವಾದ ಮೇಲೆ ಅವ್ವ ಎರಡು ಧಾರಣೆಗಳನ್ನು ಏರ್ಪಡಿಸಿಕೊಂಡಳು, ಸಂತೆಗೊಂದು, ಶನಿವಾರಕ್ಕೊಂದು. ಟೊಮೆಟೊ ತುಂಬುವ ಮಂಕರಿಯನ್ನು ಬಿಟ್ಟು, ಬಸ್ಸಿನ ಕಿಟಕಿಯಲ್ಲಿ ತೂರುವಷ್ಟು ಚಿಕ್ಕದಾದ, ಯಾವ ಕೆಲಸಕ್ಕೂ ಒದಗದ ಗಂಪಗಳನ್ನು ಹೆಣೆಯಲು ಕಲಿತಳು. "ಸೊಂಟ ನೋಯ್ತದೆ" ಎಂಬ ಮಾತು ಅಷ್ಟಾಗಿ ರುಚಿಸಲಿಲ್ಲವೆಂದು ಗ್ರಹಿಸಿ, ಯಾರಾದರೂ ಮನಸ್ಸಿನಲ್ಲಿ ಏನು ಮೂಡುತ್ತದೆಂದು ಕೇಳಿದರೆ, "ನಮ್ಮವ್ವನ ಮುಖ ಕಾಣ್ತದೆ ಸಾಮಿ" ಎನ್ನುವುದನ್ನು ರೂಢಿಸಿಕೊಂಡಳು. ಇದನ್ನು ಕೇಳಿ ಬೆಂಗಳೂರಿನಿಂದ ಬಂದ ಒಂದು ತಂಡದವರೆಲ್ಲ ಕಣ್ಣೀರಿಟ್ಟರು. ಆ ದಿನ ಹದಿನಾಲ್ಕು ಗಂಪಗಳು ಹೋದುವು.

ಹೀಗೆ ಎಲ್ಲರೂ ಸುಖವಾಗಿರುವಲ್ಲಿ ಆಷಾಢದ ಒಂದು ಶನಿವಾರ ಅನರ್ಥ ಸಂಭವಿಸಿತು. ಅನ್ವೇಷಕರು ಎಂದಿನಂತೆ ಬಸ್ಸಿಳಿದು ಬೇವಿನಮರದ ಕಡೆಗೆ ಹೋದಾಗ, ಅವ್ವನ ಮುಂದೆ ನೆಲದ ಮೇಲೆ ಮತ್ತೊಬ್ಬರು ಪದ್ಮಾಸನ ಹಾಕಿ ಕುಳಿತಿದ್ದರು. ಇನ್ನೂ ತರುಣರು, ಜುಬ್ಬ ಇನ್ನೂ ಒರಟು, ಬಾಟಲಿ ಕಂಚಿನದು. ಪ್ಲಾಸ್ಟಿಕ್ ಕುರ್ಚಿ ಆಗಲೇ ಒಳಗೆ ಹೋಗಿತ್ತು. ತರುಣರು ತಲೆಯೆತ್ತಿ ನಮ್ಮವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಚಿತ್ರದ ಚೌಕಟ್ಟಿನಿಂದ ಒಂದಿಷ್ಟು ಆಚೆಗೆ ಸರಿಯಬಹುದೇ ಎಂದು ವಿನಯದಿಂದ ಕೇಳಿಕೊಂಡರು.

ಅನ್ವೇಷಕರು ನೇರವಾಗಿ ನಮ್ಮ ಮನೆಗೆ ಬಂದು ಜಗುಲಿಯ ಮೇಲೆ ಕುಸಿದು ಕುಳಿತರು. ಕೊಟ್ಟ ಮಜ್ಜಿಗೆಯನ್ನು ಕುಡಿದು, ಬಹಳ ಹೊತ್ತು ಮೌನವಾಗಿದ್ದು, "ಮೇಷ್ಟ್ರೇ, ಗೌನಿಪಲ್ಲಿ ಕೆಟ್ಟುಹೋಯಿತು" ಎಂದರು. ವ್ಯಾಪಾರೀ ಮನೋಭಾವ ಬಂದುಬಿಟ್ಟಿದೆಯೆಂದೂ, ಕಂಡಕಂಡವರು ಬರತೊಡಗಿದ್ದಾರೆಂದೂ, ಮೊದಲಿನ ಆ ನೈಜತೆ ಇನ್ನಿಲ್ಲವೆಂದೂ ಶೋಕಿಸಿದರು. ಮುಂದಿನ ವಾರದಿಂದ ರಾಯಲ್ಪಾಡಿಗೆ ಹೋಗುವುದಾಗಿ ನಿಶ್ಚಯಿಸಿದ್ದರು. ಅಲ್ಲಿ ಬುಟ್ಟಿ ಹೆಣೆಯುವವರೊಬ್ಬರು ಇದ್ದಾರೆಂದು ಹೇಗೋ ಸುಳಿವು ಸಿಕ್ಕಿತ್ತಂತೆ. ಆ ಜಾಗವನ್ನು ಇನ್ನೂ ಯಾರೂ ನೋಡಿಲ್ಲವೆಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿ, ಯಾರಿಗೂ ಹೇಳಕೂಡದೆಂದು ಆಣೆ ತೆಗೆದುಕೊಂಡು, ಸಂಜೆಯ ಬಸ್ಸು ಹತ್ತಿದರು.

ಆಣೆಯನ್ನು ನಾನು ಮುರಿಯಲಿಲ್ಲ. ಮಾರನೆಯ ದಿನ ಬೇವಿನಮರದ ಕಡೆ ಹೋಗಿದ್ದಾಗ, ಅವ್ವ ಕೆಂಪು ಕುರ್ಚಿಯ ಮೇಲೆ ಕುಳಿತು ಎಲೆಯಡಿಕೆ ಹಾಕುತ್ತಿದ್ದಳು. ಅನ್ವೇಷಕರು ಇನ್ನು ಬರುವುದು ಅನುಮಾನವೆಂದಷ್ಟೇ ಹೇಳಿದೆ.

"ಗೊತ್ತು ಸಾಮಿ, ರಾಯಲ್ಪಾಡಿಗೆ ಹೋಗ್ತಾರೆ. ಅಲ್ಲಿರೋಳು ನನ್ ತಂಗೀನೇ. ನಿನ್ನೆ ರಾತ್ರೀನೇ ಫೋನ್ ಮಾಡಿ ಹೇಳಿದೀನಿ, ಶನಿವಾರ ಬೆಳಿಗ್ಗೆ ಕುರ್ಚಿ ಒಳಗಿಟ್ಟುಬಿಡು ಅಂತ."